ಶಿಆನ್‌ನ ಹಂಸಗೋಪುರ ನೋಡಲು ಹೊರಟವರಿಗೆ

ಚೀನಾದ ಶಿಆನ್ ನಗರಕ್ಕೆ (ನಮ್ಮ ಪತ್ರಿಕೆಗಳಲ್ಲಿ ಕ್ಸಿಯಾನ್) ಹೋದವರು ಮಣ್ಣಿನ ಸೈನಿಕರನ್ನು ನೋಡದೆ ಬರುವುದಿಲ್ಲ. ಹಳೆಯ ಬೌದ್ಧ ಗೋಪುರವಾದ ದೊಡ್ಡ ಹಂಸಗೋಪುರವನ್ನೂ ನೋಡುತ್ತಾರೆ, ಆದರೆ ಹೊರಗಿನಿಂದ. ಸಂಜೆ ಚೌಕಕ್ಕೆ ಬಂದು, ಕಾರಂಜಿ ನೋಡಿ, ದೀಪ ಹಚ್ಚಿದ ಗೋಪುರದ ಎದುರು ಫೋಟೊ ತೆಗೆಸಿಕೊಂಡು ಹೋಟೆಲಿಗೆ ಮರಳುತ್ತಾರೆ. ಅಷ್ಟು ಹೊತ್ತಿಗೆ ಗೋಪುರವಿರುವ ವಿಹಾರದ ಬಾಗಿಲು ಮುಚ್ಚಿರುತ್ತದೆ. ಈ ಜಾಗದಲ್ಲಿ ನೋಡಲೇಬೇಕಾದ ವಸ್ತುಗಳಲ್ಲಿ ಹೆಚ್ಚಿನವು ಗೋಪುರದ ಬುಡದಲ್ಲಿ, ಮನುಷ್ಯನ ಕಣ್ಣಿನ ಎತ್ತರದಲ್ಲಿವೆ. ಅವನ್ನು ನೋಡಲು ಬೆಳಿಗ್ಗೆಯೇ ಹೋಗಬೇಕು, ದಕ್ಷಿಣದ ಬಾಗಿಲಿನಿಂದ ಒಳಗೆ ಹೋಗಬೇಕು, ಎರಡೂವರೆ ಗಂಟೆಯನ್ನಾದರೂ ಇಟ್ಟುಕೊಳ್ಳಬೇಕು.

ಮೊದಲು ಹೆಸರು

ವಿಹಾರದ ಹೆಸರು ದಾ ತ್ಸಿ-ಎನ್ ಸಿ. 'ಸಿ' ಎಂದರೆ ವಿಹಾರ, 'ತ್ಸಿ-ಎನ್' ಎಂದರೆ ತಾಯಿಯ ವಾತ್ಸಲ್ಯದ ಋಣ. ತಾಂಗ್ ವಂಶದ ಯುವರಾಜ ಲಿ ಝಿ, ಮುಂದೆ ಗಾವೊತ್ಸುಂಗ್ ಚಕ್ರವರ್ತಿಯಾದವನು, ತೀರಿಹೋದ ತಾಯಿಯ ನೆನಪಿಗೆ 648ರಲ್ಲಿ ಕಟ್ಟಿಸಿದ್ದು. ಗೋಪುರದ ಹೆಸರು ದಾಯೆನ್ ತಾ. ಟ್ಯಾಕ್ಸಿಯವರಿಗೆ, ದಾರಿಹೋಕರಿಗೆ ಗೋಪುರದ ಹೆಸರೇ ಬೇಗ ಅರ್ಥವಾಗುತ್ತದೆ.

'ಯೆನ್' ಎಂದರೆ ಕಾಡುಬಾತು, ಸಂಸ್ಕೃತದ ಹಂಸ. ಮಗಧದ ಒಂದು ವಿಹಾರದಲ್ಲಿ ಭಿಕ್ಷುಗಳಿಗೆ ಒಂದು ದಿನ ಮಾಂಸ ಸಿಗಲಿಲ್ಲವಂತೆ. ಆಕಾಶದಲ್ಲಿ ಹಾರುತ್ತಿದ್ದ ಹಂಸಗಳನ್ನು ನೋಡಿ ಒಬ್ಬ ಭಿಕ್ಷು ತಮಾಷೆಗೆ, 'ಇವತ್ತು ನಮಗೆ ಊಟವಿಲ್ಲ, ಬೋಧಿಸತ್ವ ಕಣ್ಣುಬಿಟ್ಟು ನೋಡಲಿ' ಅಂದನಂತೆ. ಮುಂದಿದ್ದ ಹಂಸ ಸತ್ತು ಅವನ ಮುಂದೆಯೇ ಬಿತ್ತು. ನಾಚಿದ ಭಿಕ್ಷುಗಳು ಮಾಂಸ ಬಿಟ್ಟು, ಅದರ ಮೇಲೆ ಸ್ತೂಪ ಕಟ್ಟಿದರು. ಈ ಕಥೆಯನ್ನು ಚೀನಾಕ್ಕೆ ತಂದವನು ನಮ್ಮ ಶಾಲಾ ಪುಸ್ತಕಗಳ ಹ್ಯೂಯೆನ್ ತ್ಸಾಂಗ್. ಅಲ್ಲಿ ಅವನನ್ನು ಷ್ವೆನ್‌ಜಾಂಗ್ ಎನ್ನಬೇಕು, ನಮ್ಮ ಪಠ್ಯದ ಉಚ್ಚಾರ ಹೇಳಿದರೆ ಯಾರಿಗೂ ತಿಳಿಯುವುದಿಲ್ಲ. ಭಾರತದಿಂದ 645ರಲ್ಲಿ 657 ಗ್ರಂಥಗಳನ್ನು ಹೊತ್ತು ಮರಳಿದವನು ಇದೇ ವಿಹಾರದಲ್ಲಿ ಕೂತು ವರ್ಷಗಟ್ಟಲೆ ಅನುವಾದ ಮಾಡಿದ. ಗೋಪುರ ಎದ್ದದ್ದೇ ಆ ಗ್ರಂಥಗಳನ್ನು ಬೆಂಕಿಯಿಂದ ಕಾಪಾಡಲು.

ಕನ್ನಡದವರಿಗೆ ಇವನು ದೂರದವನಲ್ಲ. ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಸುಮಾರು 641ರಲ್ಲಿ ಬಂದಿದ್ದ. ಹರ್ಷ ಎಲ್ಲರನ್ನೂ ಗೆದ್ದರೂ ಈ ದೊರೆಯನ್ನು ಗೆಲ್ಲಲಾಗಲಿಲ್ಲ, ಯುದ್ಧಕ್ಕೆ ಮುಂಚೆ ಇಲ್ಲಿ ಆನೆಗಳಿಗೆ ಹೆಂಡ ಕುಡಿಸುತ್ತಾರೆ ಎಂದು ಬರೆದ. ಐಹೊಳೆಯ ರವಿಕೀರ್ತಿ ಶಾಸನ ಹೇಳುವ ಮಾತಿಗೆ ಹೊರಗಿನವನ ಸಾಕ್ಷಿ ಇದು. ಆದರೆ ಆ ಪ್ರವಾಸಕಥನ ಸಿದ್ಧವಾದದ್ದು 646ರಲ್ಲಿ, ಇದೇ ಊರಿನ ಹೊಂಗ್‌ಫು ವಿಹಾರದಲ್ಲಿ. ಆಗ ತ್ಸಿ-ಎನ್ ವಿಹಾರ ಇನ್ನೂ ಹುಟ್ಟಿರಲಿಲ್ಲ. ಪುಲಕೇಶಿಯ ಹೆಸರು ಬರೆದ ಜಾಗ ಇದೇ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಊರು ಬಿಡುವ ಮುನ್ನ

ಭಾರತದ ಪಾಸ್‌ಪೋರ್ಟಿಗೆ ವೀಸಾ ಬೇಕೇ ಬೇಕು, ಪ್ರವಾಸಿಗಳದ್ದು 'ಎಲ್' ವರ್ಗ. 240 ಗಂಟೆ ವೀಸಾ ಇಲ್ಲದೆ ಇರಬಹುದು ಎಂಬ ಸುದ್ದಿ ಓದಿ ಮೋಸಹೋಗಬೇಡಿ, ಆ ಪಟ್ಟಿಯಲ್ಲಿ ಭಾರತವಿಲ್ಲ. ಅಮೆರಿಕದ ಪಾಸ್‌ಪೋರ್ಟಿರುವ ಕನ್ನಡಿಗರಿಗೆ ಅದು ಸಿಗುತ್ತದೆ, ಒಂದು ದೇಶದಿಂದ ಬಂದು ಬೇರೊಂದು ದೇಶಕ್ಕೆ ಹೋಗುವ ಟಿಕೆಟ್ ಇದ್ದರೆ ಮಾತ್ರ. ಸಿಂಗಪುರದ ಪಾಸ್‌ಪೋರ್ಟಿಗೆ 30 ದಿನ ವೀಸಾ ಬೇಡ. ಬೆಂಗಳೂರಿನಿಂದ ಶಿಆನ್‌ಗೆ ನೇರ ವಿಮಾನವಿಲ್ಲ. ಸಿಂಗಪುರ, ಕ್ವಾಲಾಲಂಪುರ, ಬ್ಯಾಂಕಾಕ್ ಅಥವಾ ಹಾಂಗ್‌ಕಾಂಗ್ ಮೇಲೆ ಹೋಗಬೇಕು. ಬೀಜಿಂಗ್‌ಗೆ ಮೊದಲು ಇಳಿಯುವವರಿಗೆ ಅಲ್ಲಿನ ಪಶ್ಚಿಮ ನಿಲ್ದಾಣದಿಂದ ವೇಗದ ರೈಲಿದೆ, ನಾಲ್ಕೂವರೆಯಿಂದ ಆರು ಗಂಟೆ ದಾರಿ.

ಬಹಳ ಮಂದಿ ಸಿಕ್ಕಿಹಾಕಿಕೊಳ್ಳುವುದು ದುಡ್ಡಿನ ವಿಷಯದಲ್ಲಿ. ಯುಪಿಐ ಅಲ್ಲಿ ನಡೆಯುವುದಿಲ್ಲ. ಅಲಿಪೇ ಆ್ಯಪ್ ಹಾಕಿಕೊಂಡು ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜೋಡಿಸಬೇಕು, ಅದನ್ನೂ ಊರಲ್ಲಿರುವಾಗಲೇ ಮಾಡಬೇಕು. ನಮ್ಮ ಕಾರ್ಡುಗಳಲ್ಲಿ ವಿದೇಶಿ ಬಳಕೆಯನ್ನು ಬ್ಯಾಂಕಿನ ಆ್ಯಪ್‌ನಲ್ಲಿ ನಾವೇ ಚಾಲೂ ಮಾಡಿಕೊಳ್ಳಬೇಕು. ಅದನ್ನು ಮರೆತವರ ಕಾರ್ಡು ಮೊದಲ ಅಂಗಡಿಯಲ್ಲೇ ತಿರಸ್ಕಾರವಾಗುತ್ತದೆ. ಓಟಿಪಿ ಭಾರತದ ನಂಬರಿಗೇ ಬರುವುದರಿಂದ ಆ ಸಿಮ್ ಫೋನಿನಲ್ಲಿ ಜೀವಂತವಾಗಿರಬೇಕು. 200 ಯುವಾನ್ ಒಳಗಿನ ಪಾವತಿಗೆ ಅಲಿಪೇ ಶುಲ್ಕ ಹಾಕುವುದಿಲ್ಲ, ಮೇಲಿದ್ದರೆ ಶೇ 3. ಹಾಗಿದ್ದರೂ 300–400 ಯುವಾನ್ ನೋಟು ಜೇಬಿನಲ್ಲಿರಲಿ.

ಗೂಗಲ್, ವಾಟ್ಸಾಪ್ ಅಲ್ಲಿನ ವೈಫೈಯಲ್ಲಿ ತೆರೆಯುವುದಿಲ್ಲ. ಭಾರತದ ಸಿಮ್‌ನ ರೋಮಿಂಗ್ ಅಥವಾ ಹೊರದೇಶದ ಇ-ಸಿಮ್ ಇದ್ದರೆ ತೆರೆಯುತ್ತವೆ. ತೆರೆದರೂ ಗೂಗಲ್ ನಕಾಶೆಯನ್ನು ನಂಬಬೇಡಿ. ಚೀನಾದ ನಕಾಶೆಗಳು ಬೇರೆ ಅಳತೆಪದ್ಧತಿಯವು, ಹಾಗಾಗಿ ಗುರುತು ನೂರಾರು ಮೀಟರ್ ಆಚೆ ಬೀಳುತ್ತದೆ. ಚೀನಾದ್ದೇ ನಕಾಶೆ ಆ್ಯಪ್ ಆದ ಆಮ್ಯಾಪ್ ಬಳಸಿ, ಐಫೋನ್ ಇದ್ದವರಿಗೆ ಆ್ಯಪಲ್ ನಕಾಶೆಯೂ ಸಾಕು. ಒಳನಾಡಿನ ವಿಮಾನ ಹತ್ತುವವರು ಪವರ್ ಬ್ಯಾಂಕ್ ಗಮನಿಸಿ: 2025ರ ಜೂನ್ 28ರಿಂದ ಚೀನಾದ '3ಸಿ' ಸುರಕ್ಷತಾ ಮುದ್ರೆಯಿಲ್ಲದ್ದನ್ನು ಒಳಗೆ ಬಿಡುವುದಿಲ್ಲ. ನಮ್ಮಲ್ಲಿ ಕೊಂಡವುಗಳಲ್ಲಿ ಸಾಮಾನ್ಯವಾಗಿ ಆ ಮುದ್ರೆ ಇರುವುದಿಲ್ಲ.

ಯಾವಾಗ

ಏಪ್ರಿಲ್–ಮೇ ಮತ್ತು ಅಕ್ಟೋಬರಿನ ಎರಡನೆಯ ವಾರದಿಂದ ತಿಂಗಳ ಕೊನೆಯವರೆಗೆ ಒಳ್ಳೆಯ ಕಾಲ. ಜುಲೈಯಲ್ಲಿ ಕಲಬುರಗಿಯ ಬಿಸಿಲು, ಜನವರಿಯಲ್ಲಿ ಸೊನ್ನೆಗಿಂತ ಕೆಳಗಿನ ಚಳಿ, ಜೊತೆಗೆ ಹೊಗೆಮಂಜು. ಸೆಪ್ಟೆಂಬರಿನಲ್ಲಿ ಜಡಿಮಳೆ ಹಿಡಿಯುವುದುಂಟು. ಅಕ್ಟೋಬರ್ 1ರಿಂದ 7, ಮೇ ತಿಂಗಳ ಮೊದಲ ಐದು ದಿನ ಮತ್ತು ಚೀನೀ ಹೊಸವರ್ಷದ ವಾರದಲ್ಲಿ ಮಾತ್ರ ಹೋಗಲೇಬೇಡಿ. ಇಡೀ ದೇಶವೇ ರಜೆಯಲ್ಲಿರುತ್ತದೆ, ಶಿಆನ್ ತುಂಬಿ ತುಳುಕುತ್ತದೆ.

ಚಾಂದ್ರಮಾಸದ ಮೊದಲ ದಿನ ಮತ್ತು ಹದಿನೈದನೆಯ ದಿನ ಭಕ್ತರ ದಿನಗಳು. ನಮ್ಮ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಬರುತ್ತವೆ, ಮನೆಯ ಪಂಚಾಂಗ ನೋಡಿಯೇ ಲೆಕ್ಕ ಹಾಕಬಹುದು. ಆ ದಿನ ಧೂಪದ ಹೊಗೆ ದಟ್ಟ, ಸಾಲು ಉದ್ದ, ಆದರೆ ವಿಹಾರ ವಿಹಾರದಂತೆ ಕಾಣುವುದೂ ಅಂದೇ. ಶಿಲೆ, ಶಾಸನ ನೋಡುವವರು ಬೇರೆ ದಿನ ಆರಿಸಿಕೊಳ್ಳಲಿ.

ತಲುಪುವುದು

ವಿಮಾನ ನಿಲ್ದಾಣದಿಂದ ಮೆಟ್ರೊ 14ನೇ ಮಾರ್ಗ ಹಿಡಿದು ಉತ್ತರ ರೈಲು ನಿಲ್ದಾಣಕ್ಕೆ ಬಂದು, ಅಲ್ಲಿ 4ನೇ ಮಾರ್ಗಕ್ಕೆ ಬದಲಾಯಿಸಿ ದಾಯೆನ್ ತಾ ನಿಲ್ದಾಣದಲ್ಲಿ ಇಳಿಯಬೇಕು. ವೇಗದ ರೈಲಿನಲ್ಲಿ ಬರುವವರು ಇಳಿಯುವುದೂ ಆ ಉತ್ತರ ನಿಲ್ದಾಣದಲ್ಲೇ. 3ನೇ ಮಾರ್ಗವೂ ದಾಯೆನ್ ತಾಗೆ ಬರುತ್ತದೆ. ಮೆಟ್ರೊ ಬಾಗಿಲಲ್ಲಿ ಚೀಲ ತಪಾಸಣೆಯಿದೆ. ಧೂಪ ಹಚ್ಚಲೆಂದು ಲೈಟರ್, ಹಣ್ಣು ಹೆಚ್ಚಲೆಂದು ಚಾಕು ಒಯ್ದರೆ ಅಲ್ಲೇ ಬಿಟ್ಟು ಹೋಗಬೇಕಾದೀತು.

ಇಲ್ಲೊಂದು ಎಡವಟ್ಟು ಕಾದಿರುತ್ತದೆ. ಮೆಟ್ರೊ ನಿಲ್ದಾಣ ಉತ್ತರ ಚೌಕದ ಬದಿಗಿದೆ, ವಿಹಾರದ ಬಾಗಿಲು ದಕ್ಷಿಣಕ್ಕಿದೆ. ಗೋಪುರ ಎದುರಿಗೇ ಕಾಣುತ್ತದೆಂದು ನೇರ ನಡೆದರೆ ಹಿಂಗೋಡೆಗೆ ಮುಖ ತಾಗುತ್ತದೆ. ಉತ್ತರ ಚೌಕ ದಾಟಿ, ವಿಹಾರದ ಪಕ್ಕದ ಬೀದಿಯಲ್ಲಿ ದಕ್ಷಿಣಕ್ಕೆ ನಡೆದು, ಸುತ್ತಿ ಮುಂಭಾಗಕ್ಕೆ ಬರಬೇಕು. ಆರಾಮಾಗಿ ನಡೆದರೆ 15–20 ನಿಮಿಷ. ವಯಸ್ಸಾದವರು ಜೊತೆಗಿದ್ದರೆ ಅಲಿಪೇಯೊಳಗೇ ಇರುವ ದಿದಿಯಲ್ಲಿ ಟ್ಯಾಕ್ಸಿ ಕರೆದು 'ನಾನ್ ಗ್ವಾಂಗ್‌ಚಾಂಗ್', ಅಂದರೆ ದಕ್ಷಿಣ ಚೌಕ, ಎಂದು ನಮೂದಿಸಿ.

ದಕ್ಷಿಣ ಚೌಕದಲ್ಲಿ ಷ್ವೆನ್‌ಜಾಂಗ್‌ನ ಕಂಚಿನ ಪ್ರತಿಮೆ ನಿಂತಿದೆ. ಅವನನ್ನೂ ಹಿಂದಿನ ಗೋಪುರವನ್ನೂ ಒಂದೇ ಚಿತ್ರದಲ್ಲಿ ಹಿಡಿಯುವುದು ಇಲ್ಲೇ. ಬಿಸಿಲು ದಕ್ಷಿಣದಿಂದ ಬೀಳುವುದರಿಂದ ಹಗಲೆಲ್ಲ ಗೋಪುರದ ಈ ಮುಖ ಬೆಳಗಿರುತ್ತದೆ. ಉತ್ತರ ಚೌಕದಿಂದ ತೆಗೆದರೆ ಗೋಪುರ ಕಪ್ಪಾಗಿ ಬರುತ್ತದೆ.

ಚೌಕಗಳಲ್ಲಿ ಕಾವಿ ತೊಟ್ಟು ಕೈಗೆ ಮಣಿಸರ ಹಾಕಿ ದುಡ್ಡು ಕೇಳುವವರು ಎದುರಾದರೆ ಕೈ ಹಿಂದಕ್ಕೆಳೆದುಕೊಂಡು ಮುಂದೆ ನಡೆಯಿರಿ. ವಿಹಾರದ ಭಿಕ್ಷುಗಳು ಬೀದಿಯಲ್ಲಿ ಹಣ ಕೇಳುವುದಿಲ್ಲ.

ಟಿಕೆಟ್ಟಿಗೆ ಪಾಸ್‌ಪೋರ್ಟ್ ಮೂಲಪ್ರತಿಯೇ ಕೈಲಿರಲಿ, ನಕಲು ಪ್ರತಿ ನಡೆಯದು. ಚೌಕಗಳಿಗೆ ಹಣವಿಲ್ಲ. ವಿಹಾರದ ಪ್ರವೇಶಕ್ಕೆ ಒಂದು ಟಿಕೆಟ್, ಗೋಪುರ ಹತ್ತಲು ಇನ್ನೊಂದು. ಎರಡೂ ಸೇರಿದರೂ ನೂರು ಯುವಾನ್ ಆಗುವುದಿಲ್ಲ. 'ಮೆನ್‌ಪ್ಯಾವ್' ಎಂದರೆ ಪ್ರವೇಶ ಟಿಕೆಟ್, 'ದೆಂಗ್ ತಾ' ಎಂದರೆ ಗೋಪುರ ಹತ್ತುವುದು. ಗೋಪುರದ ಬಾಗಿಲು ವಿಹಾರಕ್ಕಿಂತ ಮೊದಲೇ ಮುಚ್ಚುತ್ತದೆ.

ಒಳಗೆ ನಡೆದುಕೊಳ್ಳುವ ರೀತಿ

ನಮ್ಮ ಗುಡಿಯ ಅಭ್ಯಾಸಗಳಲ್ಲಿ ಕೆಲವು ಇಲ್ಲಿ ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಚಪ್ಪಲಿ ಬಿಡುವ ಪದ್ಧತಿಯಿಲ್ಲ, ಬೂಟು ಹಾಕಿಕೊಂಡೇ ಒಳಗೆ ಹೋಗುತ್ತಾರೆ. ಹೊಸ್ತಿಲು ಮಾತ್ರ ಮೊಳಕಾಲ ಹತ್ತಿರ ಬರುವಷ್ಟು ಎತ್ತರ. ಅದನ್ನು ತುಳಿಯಬಾರದು, ದಾಟಬೇಕು. ನಮ್ಮ ಅಜ್ಜಿಯರು ಹೇಳುತ್ತಿದ್ದದ್ದೇ. ನಡುವಿನ ಬಾಗಿಲು ಬಿಟ್ಟು ಪಕ್ಕದ ಬಾಗಿಲಿನಿಂದ ಹೋಗಿ. ಟೋಪಿ ತೆಗೆಯಿರಿ. ಮೂರ್ತಿಯಿರುವ ಮಂಟಪದೊಳಗೆ ಫೋಟೊ ಬೇಡ, ಅಂಗಳದಲ್ಲಿ ಅಡ್ಡಿಯಿಲ್ಲ.

ಧೂಪದ ಕಡ್ಡಿ ಮೂರು ಸಾಕು. ಮಂಟಪದೊಳಗೆ ಹಚ್ಚುವಂತಿಲ್ಲ. ಅಂಗಳದಲ್ಲಿರುವ ದೊಡ್ಡ ಧೂಪದ ಪಾತ್ರೆಯ ಬಳಿ ಹಚ್ಚಿ, ಜ್ವಾಲೆಯನ್ನು ಬಾಯಿಂದ ಊದದೆ ಕೈಬೀಸಿ ಆರಿಸಿ, ಎರಡೂ ಕೈಯಲ್ಲಿ ಹಣೆಯ ಮಟ್ಟಕ್ಕೆ ಎತ್ತಿ ನಮಸ್ಕರಿಸಿ ಬೂದಿಯಲ್ಲಿ ನೆಡಬೇಕು. ಬೂದಿ ಕಾದಿರುತ್ತದೆ, ಕೈಯನ್ನು ಆಳಕ್ಕೆ ಒತ್ತಬೇಡಿ. ಕರ್ಪೂರ, ತೆಂಗಿನಕಾಯಿ, ಹೆಸರು–ನಕ್ಷತ್ರ ಹೇಳಿಸುವ ಅರ್ಚನೆ, ತೀರ್ಥ ಪ್ರಸಾದ ಇವೇನೂ ಇಲ್ಲ. ಮೊಣಕಾಲೂರಲು ದಿಂಬಿನಂಥ ಆಸನಗಳಿವೆ, ಅವುಗಳ ಮೇಲೆ ಕಾಲಿಟ್ಟು ನಿಲ್ಲಬೇಡಿ. ಪ್ರದಕ್ಷಿಣೆ ನಮ್ಮಂತೆಯೇ, ಬಲಕ್ಕೆ ಇಟ್ಟುಕೊಂಡು. ಭಿಕ್ಷುಗಳನ್ನು 'ಶಿಫು' ಎಂದು ಕರೆಯಬಹುದು. ಕೈಮುಗಿದು 'ಅಮಿತುಓಫೊ' ಅಂದರೆ ಅವರೂ ಅದನ್ನೇ ಹೇಳುತ್ತಾರೆ. ಅದು ನಮ್ಮ ಅಮಿತಾಭ ಬುದ್ಧನ ಹೆಸರು.

ಬಾಗಿಲಿನಿಂದ ಗೋಪುರದ ಬುಡದವರೆಗೆ

ಒಳಗೆ ಬಂದ ಕೂಡಲೇ ಪೂರ್ವಕ್ಕೆ ಗಂಟೆಯ ಮಂಟಪ, ಪಶ್ಚಿಮಕ್ಕೆ ನಗಾರಿಯ ಮಂಟಪ. ಮುಂದೆ ಮಹಾವೀರ ಮಂಟಪ; ಇಲ್ಲಿ ಮಹಾವೀರ ಎಂದರೆ ಬುದ್ಧನೇ, ಜೈನ ತೀರ್ಥಂಕರನಲ್ಲ. ಅಲ್ಲಿ ಧರ್ಮಕಾಯ, ಸಂಭೋಗಕಾಯ, ನಿರ್ಮಾಣಕಾಯ ಎಂಬ ಬುದ್ಧನ ಮೂರು ರೂಪಗಳಿವೆ. ಅದರ ಹಿಂದೆ ಅಮಿತಾಭನಿರುವ ಧರ್ಮಮಂಟಪ, ಆಮೇಲೆ ಗೋಪುರ. ಎಲ್ಲವೂ ದಕ್ಷಿಣದಿಂದ ಉತ್ತರಕ್ಕೆ ಒಂದೇ ನೇರದಲ್ಲಿವೆ. ತಾಂಗ್ ಕಾಲದಲ್ಲಿ ವಿಹಾರಕ್ಕೆ ಹತ್ತಕ್ಕೂ ಹೆಚ್ಚು ಅಂಗಳಗಳು, 1,897 ಕೋಣೆಗಳಿದ್ದವು. ಈಗ ಉಳಿದಿರುವುದು ಅದರ ಪಶ್ಚಿಮದ ಒಂದು ಅಂಗಳದಷ್ಟು ಜಾಗ. ಮಂಟಪಗಳೂ ಮಿಂಗ್ ವಂಶದ (1368–1644) ಮತ್ತು ಅದರ ನಂತರದ ಕಾಲದವು. ಇವುಗಳಿಗೆ ಅರ್ಧ ಗಂಟೆ ಸಾಕು.

ಗೋಪುರದ ಎದುರು ನಿಂತಾಗ ಅದು ವಾಲಿದೆಯಾ ಎಂಬ ಅನುಮಾನ ಬಂದರೆ ಕಣ್ಣಿನ ತಪ್ಪಲ್ಲ. ವಾಯವ್ಯಕ್ಕೆ ವಾಲಿದೆ. ಊರಿನವರು ಅಂತರ್ಜಲವನ್ನು ಮಿತಿಮೀರಿ ಎತ್ತಿದ್ದರಿಂದ ನೆಲ ಕುಸಿದು, 1996ರ ಹೊತ್ತಿಗೆ ಓರೆ ಒಂದು ಮೀಟರ್ ದಾಟಿತ್ತು. ನೀರೆತ್ತುವುದನ್ನು ತಡೆದ ಮೇಲೆ ನಿಧಾನಕ್ಕೆ ಸ್ವಲ್ಪ ಸ್ವಲ್ಪ ಸರಿಯಾಗುತ್ತಿದೆ.

652ರಲ್ಲಿ ಮೊದಲು ಕಟ್ಟಿದಾಗ ಷ್ವೆನ್‌ಜಾಂಗ್‌ಗೆ ಕಲ್ಲಿನ ಸ್ತೂಪ ಬೇಕಿತ್ತು. ಕಲ್ಲು ಕಷ್ಟ, ಇಟ್ಟಿಗೆಯಲ್ಲಿ ಮಾಡು ಎಂದು ಚಕ್ರವರ್ತಿ ಹೇಳಿದ. ಭಾರತದ ಮಾದರಿಯ ಐದಂತಸ್ತು ಎದ್ದಿತು. ಷ್ವೆನ್‌ಜಾಂಗ್ ತಾನೇ ಬುಟ್ಟಿಯಲ್ಲಿ ಇಟ್ಟಿಗೆ ಹೊತ್ತನೆಂದು ಶಿಷ್ಯನು ಬರೆದ ಚರಿತ್ರೆಯಲ್ಲಿದೆ. ಒಳಗೆ ಮಣ್ಣು, ಹೊರಗೆ ಇಟ್ಟಿಗೆ, ಬಿರುಕಿನಲ್ಲಿ ಗಿಡ ಬೆಳೆದು ಐವತ್ತು ವರ್ಷದಲ್ಲೇ ಶಿಥಿಲವಾಯಿತು. 701–704ರಲ್ಲಿ ಸಾಮ್ರಾಜ್ಞಿ ವು ತ್ಸೆತಿಯೆನ್ ಕಾಲದಲ್ಲಿ ಮತ್ತೆ ಕಟ್ಟಿದರು. 1556ರ ಭೀಕರ ಭೂಕಂಪಕ್ಕೂ ಬೀಳಲಿಲ್ಲ. 1604ರಲ್ಲಿ ಹೊರಗೊಂದು ಪದರ ಇಟ್ಟಿಗೆ ಹೊದಿಸಿದರು. ಹಾಗಾಗಿ ಕೈಗೆ ತಾಗುವ ಇಟ್ಟಿಗೆ ಮಿಂಗ್ ಕಾಲದ್ದು, ತಾಂಗ್ ಗೋಪುರ ಅದರ ಒಳಗಿದೆ. ಈಗ ಏಳಂತಸ್ತು, 64.5 ಮೀಟರ್.

ಇನ್ನು ಹತ್ತುವ ಆತುರ ಬಿಟ್ಟು ದಕ್ಷಿಣ ಬಾಗಿಲಿನ ಎರಡೂ ಪಕ್ಕದ ಗೂಡುಗಳ ಮುಂದೆ ನಿಲ್ಲಿ. ಅಲ್ಲಿರುವ ಎರಡು ಕಪ್ಪು ಶಿಲೆಗಳು 653ರವು. ಒಂದರಲ್ಲಿ ಷ್ವೆನ್‌ಜಾಂಗ್‌ನ ಅನುವಾದಗಳಿಗೆ ತೈತ್ಸುಂಗ್ ಚಕ್ರವರ್ತಿ ಬರೆದ ಮುನ್ನುಡಿ, ಇನ್ನೊಂದರಲ್ಲಿ ಅವನ ಮಗ ಗಾವೊತ್ಸುಂಗ್ ಬರೆದ ಟಿಪ್ಪಣಿ. ಅಕ್ಷರ ಆ ಕಾಲದ ಹೆಸರಾಂತ ಲಿಪಿಕಾರ ಚು ಸುಯ್‌ಲಿಯಾಂಗ್‌ನದು. ಚೀನೀ ಕೈಬರಹ ಕಲಿಯುವವರು ಇಂದಿಗೂ ಇದರ ಪಡಿಯಚ್ಚು ಇಟ್ಟುಕೊಂಡು ತಿದ್ದುತ್ತಾರೆ. ಚೀನೀ ಓದಲು ಬಾರದವರೂ ಒಂದನ್ನು ಗಮನಿಸಬಹುದು: ಒಂದು ಶಿಲೆಯ ಸಾಲುಗಳು ವಾಡಿಕೆಯಂತೆ ಬಲದಿಂದ ಎಡಕ್ಕೆ, ಇನ್ನೊಂದರವು ಎಡದಿಂದ ಬಲಕ್ಕೆ ಸಾಗುತ್ತವೆ. ಬಾಗಿಲಿನ ಎರಡೂ ಬದಿಗೆ ಜೋಡಿ ಕೂಡಲೆಂದು ಹಾಗೆ ಬರೆದದ್ದು. ಕ್ಯಾಮೆರಾದ ಫ್ಲ್ಯಾಶ್ ಹಾಕಬೇಡಿ.

ಅಲ್ಲಿಂದ ಪ್ರದಕ್ಷಿಣೆ ಹಾಕಿದರೆ ಮೊದಲು ಸಿಗುವುದು ಪಶ್ಚಿಮದ ಬಾಗಿಲು. ಅದರ ಮೇಲಿನ ಕಲ್ಲಿನ ದ್ವಾರಪಟ್ಟಿಯನ್ನು ಕತ್ತೆತ್ತಿ ನೋಡಿ. ತೆಳು ಗೀರುಗಳಲ್ಲಿ ಒಂದು ಮರದ ಮಂಟಪವನ್ನೂ ಅದರಲ್ಲಿ ಉಪದೇಶಿಸುತ್ತಿರುವ ಬುದ್ಧನನ್ನೂ ಕೊರೆದಿದ್ದಾರೆ. ಕಂಬ, ಬೋದಿಗೆ, ಮಾಡಿನ ಹಂಚಿನವರೆಗೆ ಎಲ್ಲವೂ ಇದೆ. ಚೀನಾದಲ್ಲಿ ಈಗ ಉಳಿದಿರುವ ಅತಿ ಹಳೆಯ ಮರದ ಮಂಟಪ, ನಾನ್‌ಚಾನ್ ವಿಹಾರದ್ದು, 782ರದು. ಅದಕ್ಕಿಂತ ಹಿಂದಿನ ಮಂಟಪಗಳು ಹೇಗಿದ್ದವೆಂದು ಈ ಗೀರುಚಿತ್ರ ಹೇಳುತ್ತದೆ. ಬಿಸಿಲು ಓರೆಯಾಗಿ ಬಿದ್ದಾಗ ಗೀರು ಚೆನ್ನಾಗಿ ಕಾಣುತ್ತದೆ. ನಡುಹಗಲಿನಲ್ಲಿ ಹೆಚ್ಚಿನವರು ಇದರ ಕೆಳಗೇ ಓಡಾಡುತ್ತಾರೆ, ತಲೆಯೆತ್ತುವುದಿಲ್ಲ.

ಹತ್ತಬೇಕೇ?

ಒಳಗೆ 248 ಮರದ ಮೆಟ್ಟಿಲು, ಲಿಫ್ಟ್ ಇಲ್ಲ. ಮೆಟ್ಟಿಲು ಕಡಿದು, ಇಕ್ಕಟ್ಟು. ಮೊಣಕಾಲು ನೋವಿದ್ದವರು ಬಿಟ್ಟುಬಿಡಬಹುದು, ದೊಡ್ಡ ನಷ್ಟವಿಲ್ಲ. ಹತ್ತುವವರು ಬೆಳಿಗ್ಗೆಯೇ ಹತ್ತಲಿ. ಹತ್ತು ಗಂಟೆ ದಾಟಿದರೆ ಗುಂಪು ಪ್ರವಾಸಿಗಳು ಬಂದು ಪ್ರತಿ ಅಂತಸ್ತಿನಲ್ಲೂ ನಿಂತು ಕಾಯಬೇಕಾಗುತ್ತದೆ. ನಾಲ್ಕನೆಯ ಅಂತಸ್ತಿನಲ್ಲಿ ತಾಳೆಗರಿಯ ಹಸ್ತಪ್ರತಿಯ ಗರಿಗಳಿವೆ. ಮೂಡುಬಿದಿರೆಯ ಭಂಡಾರ ನೋಡಿದವರಿಗೆ ಗುರುತು ಹತ್ತುವಂಥದ್ದು. ಷ್ವೆನ್‌ಜಾಂಗ್ ತಂದ 657 ಗ್ರಂಥಗಳು ಮಾತ್ರ ಇಂದು ಗೋಪುರದಲ್ಲಿಲ್ಲ. ತುದಿಯ ನಾಲ್ಕು ಕಮಾನು ಕಿಟಕಿಗಳಿಂದ ನಾಲ್ಕು ದಿಕ್ಕಿಗೂ ಗೆರೆ ಎಳೆದಂಥ ಬೀದಿಗಳು ಕಾಣುತ್ತವೆ.

ಮೇಲೆ ಎಲ್ಲೂ ಹೆಸರು ಗೀಚಬೇಡಿ. ತಾಂಗ್ ಕಾಲದಲ್ಲಿ ಅದಕ್ಕೆ ಅರ್ಹತೆ ಬೇಕಿತ್ತು: ರಾಜಪರೀಕ್ಷೆಯಲ್ಲಿ ತೇರ್ಗಡೆಯಾದವರು ಮಾತ್ರ ಇಲ್ಲಿ ತಮ್ಮ ಹೆಸರು ಬರೆಸುತ್ತಿದ್ದರು. ಕವಿ ಬೈ ಜುಯಿ ಹಾಗೆ ಬರೆಸಿದ ಹದಿನೇಳು ಮಂದಿಯಲ್ಲಿ ತಾನೇ ಕಿರಿಯನೆಂದು ಬೀಗಿದ್ದ.

ಹಿಂದಿನ ಅಂಗಳ

ಗೋಪುರ ಇಳಿದು ಬಹಳ ಮಂದಿ ಬಾಗಿಲಿಗೆ ವಾಪಸಾಗುತ್ತಾರೆ. ನೀವು ಗೋಪುರದ ಹಿಂದಕ್ಕೆ ಹೋಗಿ. ಅಲ್ಲಿರುವುದು ಷ್ವೆನ್‌ಜಾಂಗ್ ತ್ರಿಪಿಟಕ ಅಂಗಳ. ಇತ್ತೀಚಿನದೇ, 2000ದ ಸುಮಾರಿನದು, ಆದರೆ ಭಾರತದವರಿಗೆ ಇಡೀ ವಿಹಾರದಲ್ಲಿ ಹತ್ತಿರದ ಜಾಗ. ನಡುವಿನ ಮಂಟಪದಲ್ಲಿ ಅವನ ಕುಳಿತ ಕಂಚಿನ ಮೂರ್ತಿ ಮತ್ತು ಅಸ್ಥಿಯ ಅಂಶವಿದೆ. ಅದೇ ಅಸ್ಥಿಯ ಮತ್ತೊಂದು ಅಂಶ 1957ರಲ್ಲಿ ನಾಲಂದಾದ ಸ್ಮಾರಕಕ್ಕೆಂದು ಭಾರತಕ್ಕೆ ಬಂತು. ಗೋಡೆಗಳಲ್ಲಿ ಅವನ ಜೀವನ ಚಿತ್ರಗಳಾಗಿದೆ: ಮರಳುಗಾಡು, ನಾಲಂದಾ, ಗ್ರಂಥದ ಹೊರೆಯೊಂದಿಗೆ ಮರಳಿದ್ದು. ಜನ ಕಡಿಮೆ, ಕೂರಲು ಜಾಗವಿದೆ. ಇಲ್ಲಿ ಮುಕ್ಕಾಲು ಗಂಟೆ ಕಳೆಯಿರಿ.

ಶೌಚಾಲಯದಲ್ಲಿ ನೀರಿನ ನಲ್ಲಿ ಇರುತ್ತದೆಂದು ಎಣಿಸಬೇಡಿ. ಕಾಗದ ಮತ್ತು ಒಂದು ಬಾಟಲಿ ನೀರು ಚೀಲದಲ್ಲಿರಲಿ.

ಊಟ

'ವೊ ಚ್ರ್ ಸೂ', ನಾನು ಸಸ್ಯಾಹಾರಿ. ಇದನ್ನು ಚೀನೀ ಲಿಪಿಯಲ್ಲಿ ಫೋನಿನಲ್ಲಿ ಉಳಿಸಿಕೊಂಡು ತೋರಿಸುವುದೇ ವಾಸಿ, ನಮ್ಮ ಉಚ್ಚಾರದಲ್ಲಿ ಸ್ವರ ತಪ್ಪಿ ಅರ್ಥ ಕೆಡುತ್ತದೆ. ಸಾಮಾನ್ಯ ಹೋಟೆಲಿನಲ್ಲಿ ತರಕಾರಿ ಎಂದರೆ ತರಕಾರಿ ಕಾಣುವ ಪದಾರ್ಥ ಅಷ್ಟೇ. ಅದರಲ್ಲಿ ಕೊಚ್ಚಿದ ಹಂದಿಮಾಂಸ, ಹಂದಿಯ ಕೊಬ್ಬು, ಚಿಪ್ಪುಮೀನಿನ ಸಾಸ್ ಇರಬಹುದು. 'ಸೂ' ಎಂದು ಬೋರ್ಡಿರುವ ಬೌದ್ಧ ಸಸ್ಯಾಹಾರಿ ಹೋಟೆಲುಗಳಲ್ಲಿ ಈ ಭಯವಿಲ್ಲ. ಅಲ್ಲಿ ಸಾಮಾನ್ಯವಾಗಿ ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲವಾದ್ದರಿಂದ ಅವನ್ನು ತಿನ್ನದವರಿಗೂ ಅನುಕೂಲ. ಮಾಂಸದಂತೆ ಕಾಣುವ ಸೋಯಾ ಪದಾರ್ಥ ಬಂದರೆ ಗಾಬರಿ ಬೇಡ.

ಶಿಆನ್‌ನ ಹಿಟ್ಟಿನ ತಿಂಡಿಗಳು ನಮ್ಮ ನಾಲಗೆಗೆ ಬೇಗ ಹೊಂದುತ್ತವೆ. ಲಿಯಾಂಗ್‌ಪಿ ಎಂಬ ತಣ್ಣನೆಯ ಅಗಲ ಶಾವಿಗೆಗೆ ಹುಳಿ, ಖಾರದೆಣ್ಣೆ ಹಾಕಿ ಕೊಡುತ್ತಾರೆ. ಯೋಪೊ ಚೆಮ್ಯೆನ್ ಎಂಬ ಪಟ್ಟಿಯಂಥ ನೂಡಲ್ಸಿನ ಮೇಲೆ ಮೆಣಸಿನಪುಡಿ ಉದುರಿಸಿ, ಕಾದ ಎಣ್ಣೆಯನ್ನು ಚುಂಯ್ ಎನ್ನುವಂತೆ ಸುರಿಯುತ್ತಾರೆ, ನಮ್ಮ ಒಗ್ಗರಣೆಯ ಸದ್ದೇ. ಎರಡಕ್ಕೂ 'ಬು ಯಾವ್ ರೋವ್', ಮಾಂಸ ಬೇಡ, ಎಂದು ಹೇಳಿಯೇ ತರಿಸಿ. ರೋವ್‌ಜ್ಯಾಮೊ ಎಂಬ ರೊಟ್ಟಿಯಲ್ಲಿ ಇರುವುದು ಮಾಂಸವೇ.

ಉಳಿದ ದಿನ

ಮಧ್ಯಾಹ್ನ ಹತ್ತಿರದ ಶಾನ್‌ಶಿ ಇತಿಹಾಸ ವಸ್ತುಸಂಗ್ರಹಾಲಯಕ್ಕೆ ಹೋಗುವ ಆಸೆಯಿದ್ದರೆ ಹಲವು ದಿನ ಮುಂಚೆಯೇ ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟು ಜಾಗ ಕಾಯ್ದಿರಿಸಬೇಕು. ಸೋಮವಾರ ರಜೆ. ಅದು ಸಿಗದಿದ್ದರೆ ಸಣ್ಣ ಹಂಸಗೋಪುರ, ಶ್ಯಾವ್‌ಯೆನ್ ತಾ, ನೋಡಿ. 43 ಮೀಟರಿನ ತೆಳ್ಳನೆಯ ಗೋಪುರ. ಭಾರತಕ್ಕೆ ಸಮುದ್ರದ ದಾರಿಯಲ್ಲಿ ಬಂದ ಭಿಕ್ಷು ಯಿಜಿಂಗ್ (ನಮ್ಮ ಪುಸ್ತಕಗಳಲ್ಲಿ ಇತ್ಸಿಂಗ್) ಅನುವಾದ ಮಾಡಿದ್ದು ಆ ವಿಹಾರದಲ್ಲಿ. ಹೆಸರಿನ ಗೊಂದಲದಿಂದ ಟ್ಯಾಕ್ಸಿಯವರು ಒಂದರ ಬದಲು ಇನ್ನೊಂದಕ್ಕೆ ಒಯ್ಯುವುದುಂಟು: 'ದಾ' ದೊಡ್ಡದು, 'ಶ್ಯಾವ್' ಸಣ್ಣದು. ಷ್ವೆನ್‌ಜಾಂಗ್‌ನ ಸಮಾಧಿ ಇವೆರಡರಲ್ಲೂ ಇಲ್ಲ. ಅದು ಊರಿನ ದಕ್ಷಿಣಕ್ಕೆ ಸುಮಾರು 20 ಕಿಲೋಮೀಟರ್ ದೂರದ ಶಿಂಗ್‌ಜ್ಯಾವ್ ವಿಹಾರದಲ್ಲಿದೆ. ಅದಕ್ಕೆ ಬೇರೆಯೇ ಅರ್ಧ ದಿನ ಇಡಿ.

ಸಂಜೆ ಕಾರಂಜಿಗೆ ಉತ್ತರ ಚೌಕಕ್ಕೆ ಮರಳುವವರು ಆಟದ ಹೊತ್ತನ್ನು ಆ ದಿನವೇ ಕೇಳಿಕೊಳ್ಳಿ, ಋತುವಿಗೆ ತಕ್ಕಂತೆ ಬದಲಾಗುತ್ತದೆ. ಮಕ್ಕಳ ಕೈ ಬಿಡಬೇಡಿ. ಆಟ ಮುಗಿದ ಮರುಕ್ಷಣ ಇಡೀ ಚೌಕ ದಾಯೆನ್ ತಾ ಮೆಟ್ರೊ ಬಾಗಿಲಿಗೆ ನುಗ್ಗುತ್ತದೆ. ಆ ನೂಕಿನಲ್ಲಿ ಸಿಲುಕುವ ಬದಲು ದಕ್ಷಿಣ ಚೌಕದಾಚೆಯ ದೀಪದ ಬೀದಿಯಲ್ಲಿ ಒಂದಿಷ್ಟು ಅಡ್ಡಾಡಿ, 4ನೇ ಮಾರ್ಗದ ಮುಂದಿನ ನಿಲ್ದಾಣವಾದ ದಾತಾಂಗ್ ಫುರೊಂಗ್‌ಯುವಾನ್‌ನಲ್ಲಿ ರೈಲು ಹತ್ತಿ.